ನಾರ್ತ್ ಕ್ಯಾರೊಲೈನಾದ ಆರ್‌ಡಿಎಸ್: ಫಾರ್ಮು ಸಲೀಸು, ತಾರೀಖು ಬಿಗಿ

ಕೆಲಸ ಬದಲಾಗಿ ಟೆಕ್ಸಾಸ್‌ನಿಂದಲೋ ನ್ಯೂಜೆರ್ಸಿಯಿಂದಲೋ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ, ಕ್ಯಾರಿ, ಷಾರ್ಲಟ್ ಕಡೆಗೆ ಬಂದ ಮನೆಯಲ್ಲಿ ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿರುವ ಮಗುವಿದೆ ಎಂದುಕೊಳ್ಳಿ. ಕಾಲೇಜಿಗೆ ಎಷ್ಟು ಶುಲ್ಕ ಕಟ್ಟಬೇಕು ಎಂದು ಕಾಲೇಜಿಗೆ ಫೋನ್ ಮಾಡಿದರೆ, ಅವರು ಆರ್‌ಡಿಎಸ್ ಕಡೆಗೆ ಬೆರಳು ತೋರಿಸುತ್ತಾರೆ. ಪೂರ್ತಿ ಹೆಸರು ರೆಸಿಡೆನ್ಸಿ ಡಿಟರ್ಮಿನೇಷನ್ ಸರ್ವೀಸ್. ಶುಲ್ಕದ ಮಟ್ಟಿಗೆ ನೀವು ಈ ರಾಜ್ಯದವರೋ ಹೊರಗಿನವರೋ ಎಂದು ತೀರ್ಮಾನ ಹೇಳುವ ಸರ್ಕಾರಿ ಆನ್‌ಲೈನ್ ಸೇವೆ ಇದು. ಫೀಸಿಲ್ಲ, ಏಜೆಂಟ್ ಬೇಕಿಲ್ಲ. ಕಾಗದಪತ್ರ ಮುಂದಿಟ್ಟುಕೊಂಡು ಕೂತರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡಬಹುದಾದ ಸೇವೆ. ಒಂದು ಅಂಕ ಯಾಕೆ ಕಡಿಮೆ ಎಂಬುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಮೊದಲು ದುಡ್ಡಿನ ಮಾತು. ಚಾಪೆಲ್ ಹಿಲ್‌ನ ಯುಎನ್‌ಸಿಯಲ್ಲಿ, ಅಂದರೆ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ, ಪದವಿ ವಿದ್ಯಾರ್ಥಿಗೆ ರಾಜ್ಯದೊಳಗಿನವರ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು ಏಳು ಸಾವಿರ ಡಾಲರ್. ಹೊರರಾಜ್ಯದವರಿಗೆ ಅದರ ಐದು ಪಟ್ಟಿಗೂ ಹೆಚ್ಚು. ಊಟ, ಹಾಸ್ಟೆಲ್, ಇತರ ಫೀಸು ಬೇರೆ. ಸೀಟಿನ ಲೆಕ್ಕವೂ ಇಲ್ಲಿಗೇ ತಗಲುತ್ತದೆ, ಯಾಕೆಂದರೆ ಅಲ್ಲಿ ಮೊದಲ ವರ್ಷಕ್ಕೆ ಸೇರುವ ಹೊರರಾಜ್ಯದವರಿಗೆ ಶೇಕಡಾ 18ರ ಮಿತಿ ಇದೆ. ಎರಡು ವರ್ಷದ ಓದಿನ ಸ್ಥಳೀಯ ಕಮ್ಯುನಿಟಿ ಕಾಲೇಜಿನಲ್ಲಿ ಕ್ರೆಡಿಟ್ ಒಂದಕ್ಕೆ 76 ಡಾಲರ್, ಹೊರಗಿನವರಿಗೆ 268. ಹದಿನೈದು ಕ್ರೆಡಿಟ್ ತೆಗೆದುಕೊಂಡರೆ ಒಂದು ಸೆಮಿಸ್ಟರಿಗೆ 1,140 ಎಲ್ಲಿ, 4,020 ಎಲ್ಲಿ!

ಆರ್‌ಡಿಎಸ್ 2016ರ ಕೊನೆಯಿಂದ ಹಂತ ಹಂತವಾಗಿ ಜಾರಿಗೆ ಬಂತು. ಅದಕ್ಕೆ ಮುಂಚೆ ಪ್ರತಿ ಕ್ಯಾಂಪಸ್ಸೂ ತನ್ನ ಪಾಡಿಗೆ ತೀರ್ಮಾನ ಮಾಡುತ್ತಿತ್ತು. ಒಂದೇ ಮನೆಯ ಮಗು ಒಂದು ಕಡೆ ಒಳಗಿನವನಾಗಿ ಇನ್ನೊಂದು ಕಡೆ ಹೊರಗಿನವನಾಗುವ ಅವಕಾಶ ಇದ್ದೇ ಇತ್ತು. ಈಗ ಒಂದೇ ಸಂದರ್ಶನ, ಒಂದೇ ನಂಬರು. ಆರ್‌ಸಿಎನ್ ಎನ್ನುವ ಆ ನಂಬರನ್ನು ಯುಎನ್‌ಸಿ ವ್ಯವಸ್ಥೆಯ 16 ವಿಶ್ವವಿದ್ಯಾಲಯಗಳು, 58 ಕಮ್ಯುನಿಟಿ ಕಾಲೇಜುಗಳು ಎಲ್ಲವೂ ಒಪ್ಪುತ್ತವೆ. ರಾಜ್ಯದ ಅನುದಾನ ಬೇಕೆಂದರೆ ಖಾಸಗಿ ಕಾಲೇಜಿಗೂ ಅದೇ ನಂಬರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ (ಯುಸಿ) ಇವತ್ತಿಗೂ ಆಯಾ ಕ್ಯಾಂಪಸ್ಸಿನ ರೆಸಿಡೆನ್ಸ್ ಡೆಪ್ಯುಟಿ ಎಂಬ ಅಧಿಕಾರಿಯೇ ಇದನ್ನು ನೋಡುತ್ತಾರೆ. ಟೆಕ್ಸಾಸ್‌ನಲ್ಲಿ ಪ್ರಶ್ನಾವಳಿ ಎಲ್ಲರಿಗೂ ಒಂದೇ ಆದರೂ ತೀರ್ಮಾನ ಆಯಾ ಸಂಸ್ಥೆಯದು. ಆರೇಳು ಕಡೆ ಅರ್ಜಿ ಹಾಕುವ ಮಗುವಿಗೆ ಇಲ್ಲಿನ ಏರ್ಪಾಟು ದೊಡ್ಡ ಅನುಕೂಲ. ಇದಕ್ಕೇ ಎರಡು ಅಂಕ ಕೊಟ್ಟರೂ ತಪ್ಪಿಲ್ಲ.

ಸೇವೆ ಎಷ್ಟೇ ಸಲೀಸಾಗಿದ್ದರೂ ಅದರ ಹಿಂದಿರುವ ಕಾನೂನು ಸಡಿಲವಾಗಿಲ್ಲ. 12 ತಿಂಗಳು ಈ ರಾಜ್ಯದಲ್ಲಿ ಕಾಯಂ ನೆಲೆ ಇರಬೇಕು, ಆ 12 ತಿಂಗಳು ಇಲ್ಲಿದ್ದದ್ದು ಬದುಕು ಕಟ್ಟಿಕೊಳ್ಳಲಿಕ್ಕೆ, ಕಾಲೇಜಿಗೆ ಸೇರುವ ಸಲುವಾಗಿ ತಾತ್ಕಾಲಿಕವಾಗಿ ಉಳಿದುಕೊಂಡದ್ದಲ್ಲ ಎಂದು ನೀವು ತೋರಿಸಿಕೊಡಬೇಕು. ಬಹಳ ಜನ 12 ತಿಂಗಳನ್ನು ಸಾಮಾನಿನ ಲಾರಿ ಮನೆ ಮುಂದೆ ನಿಂತ ದಿನದಿಂದ ಎಣಿಸುತ್ತಾರೆ. ಆರ್‌ಡಿಎಸ್ ಎಣಿಸುವುದು ದಾಖಲೆಗಳ ಮೇಲಿನ ತಾರೀಖುಗಳಿಂದ. ನೀವು ಜೂನ್‌ನಲ್ಲಿ ಬಂದು, ಲೈಸೆನ್ಸನ್ನು ಡಿಸೆಂಬರ್‌ನಲ್ಲಿ ಮಾಡಿಸಿ, ಕಾರಿಗೆ ಫೆಬ್ರುವರಿವರೆಗೂ ಟೆಕ್ಸಾಸ್ ಪ್ಲೇಟೇ ಇಟ್ಟುಕೊಂಡಿದ್ದರೆ, ಜೂನ್ ಎಂಬ ನಿಮ್ಮ ಮಾತಿಗೆ ಸಾಕ್ಷಿ ಹೇಳಲು ಬಾಡಿಗೆ ಕರಾರು ಮಾತ್ರ ಉಳಿಯುತ್ತದೆ.

ಇನ್ನೊಂದು ಎಡವಟ್ಟು ನಮ್ಮವರಲ್ಲೇ ಹೆಚ್ಚು. ತಲೆಯಲ್ಲಿ ಸಿಇಟಿ ಲೆಕ್ಕ ಕೂತಿರುತ್ತದೆ. ಕೆಇಎಗೆ ಮಗು ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಮೇಲುರುಜು ಬೇಕು. ಇಲ್ಲಿ ಮಗು ಎಲ್ಲಿ ಓದಿತು ಎಂಬುದು ಹಿಂದಿನ ಸಾಲಿನ ಪ್ರಶ್ನೆ. ಅಪ್ಪ ಅಮ್ಮ ಎಲ್ಲಿ ನೆಲೆ ನಿಂತಿದ್ದಾರೆ ಎಂಬುದು ಮೊದಲ ಸಾಲಿನದು. ರಾಲಿ ಇರುವ ವೇಕ್ ಕೌಂಟಿಯ ಹೈಸ್ಕೂಲ್ ಡಿಪ್ಲೊಮಾ ಕೈಯಲ್ಲಿದ್ದ ಮಾತ್ರಕ್ಕೆ ಮಗು ರಾಜ್ಯದೊಳಗಿನವನಾಗುವುದಿಲ್ಲ. ಟೆಕ್ಸಾಸ್‌ನಲ್ಲಿ 36 ತಿಂಗಳು ಅಲ್ಲೇ ಇದ್ದು ಹೈಸ್ಕೂಲ್ ಮುಗಿಸಿದವರಿಗೆ ಒಂದು ದಾರಿ ಇದೆ. ಅಲ್ಲಿಂದ ಬಂದವರು ಇಲ್ಲಿಯೂ ಹಾಗೇ ಎಂದುಕೊಳ್ಳಬೇಡಿ.

ಸಂದರ್ಶನ ಅಂದರೆ ಎದುರಿಗೆ ಯಾರೂ ಕೂರುವುದಿಲ್ಲ. ಪರದೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆ, ಕೊಟ್ಟ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ. ರಾಜ್ಯಕ್ಕೆ ಬಂದದ್ದು ಯಾವಾಗ, ಯಾಕೆ? ಮನೆ ಸ್ವಂತದ್ದೋ ಬಾಡಿಗೆಯೋ? ಲೈಸೆನ್ಸ್ ಎಲ್ಲಿಯದು? ಗಾಡಿ ನೋಂದಣಿ ಎಲ್ಲಿ? ರಾಜ್ಯಕ್ಕೆ ಆದಾಯ ತೆರಿಗೆ ಸಲ್ಲಿಸಿದ್ದೀರಾ? ಮಗುವಿಗೆ ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಅಪ್ಪ ಅಮ್ಮನಿಗೂ ಬರುತ್ತವೆ. ಆದ್ದರಿಂದ ಮಗು ಒಬ್ಬನೇ ರಾತ್ರಿ ಹನ್ನೊಂದಕ್ಕೆ ಕೂತು ಊಹೆಯ ಮೇಲೆ ತುಂಬುವ ಫಾರ್ಮ್ ಇದಲ್ಲ. ನೀವು ಕೊಟ್ಟ ಉತ್ತರಗಳನ್ನು ವ್ಯವಸ್ಥೆ ರಾಜ್ಯದ ದಾಖಲೆಗಳ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಫಲಿತಾಂಶ ಬೇಗ ಬರುತ್ತದೆ, ಆಗದಿದ್ದರೆ ದಾಖಲೆ ಅಪ್‌ಲೋಡ್ ಮಾಡಿ ಎನ್ನುತ್ತದೆ. ಕೊಟ್ಟ ಗಡುವಿನೊಳಗೆ ಹಾಕಲಿಲ್ಲವೋ, ಹೊರರಾಜ್ಯ ಎಂದು ಷರಾ.

ತಾಳೆ ತಪ್ಪಲು ಸಾಮಾನ್ಯ ಕಾರಣ ಸುಳ್ಳಲ್ಲ, ಹೆಸರು. ಕನ್ನಡದ ಮನೆಗಳಲ್ಲಿ ಅಪ್ಪನ ಹೆಸರೇ ಮಗುವಿನ ಕೊನೆಯ ಹೆಸರು. ಅಪ್ಪನ ಕೊನೆಯ ಹೆಸರು ಅವರ ಊರೋ ಅವರಪ್ಪನ ಹೆಸರೋ ಆಗಿರುತ್ತದೆ. ಅಮ್ಮನದು ಮೂರನೆಯದು. ಮೂವರ ಕೊನೆಯ ಹೆಸರು ಮೂರು ಥರ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು, ಲೈಸೆನ್ಸಿನಲ್ಲಿ ಅದು ಮಧ್ಯದ ಹೆಸರಾಗಿ ಕೂತು, ತೆರಿಗೆ ಪತ್ರದಲ್ಲಿ ಪೂರ್ತಿ ಮಾಯವಾಗಿರುವುದೂ ಉಂಟು. ಹೆಸರಿಗೆ ಎರಡನೇ ಭಾಗವೇ ಇಲ್ಲದವರ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬೇರೆ. ಪರಿಹಾರ ಸರಳ: ಲೈಸೆನ್ಸಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ತುಂಬಿ, ಮತ್ತು ಮಗುವಿನ ಜನನ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಹಳೆಯ ಕನ್ನಡ ಮಾತ್ರದ ಪ್ರತಿ ಇದ್ದರೆ ಇಂಗ್ಲಿಷ್ ಅನುವಾದವನ್ನೂ ಮೊದಲೇ ಮಾಡಿಸಿಡಿ. ಗಡುವು ಓಡುತ್ತಿರುವಾಗ ಊರಿಗೆ ಫೋನ್ ಮಾಡಿ ಪಾಲಿಕೆ ಕಚೇರಿಗೆ ಓಡಿ ಎನ್ನುವುದು ಯಾರಿಗೂ ಬೇಡದ ಕೆಲಸ.

ಇನ್ನು ದಾಖಲೆಗಳು. ಯಾವುದೇ ಒಂದು ಕಾಗದ ಸಾಕಾಗುವುದಿಲ್ಲ, ಎಲ್ಲವೂ ಒಂದೇ ಕತೆ ಹೇಳಬೇಕು. ಡ್ರೈವಿಂಗ್ ಲೈಸೆನ್ಸಿಗೆ ಕಾನೂನೇ 60 ದಿನದ ಗಡುವು ಕೊಟ್ಟಿದೆ. ಆದರೂ ಬಂದ ಮೊದಲ ವಾರದಲ್ಲೇ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿಯ ಅಪಾಯಿಂಟ್‌ಮೆಂಟ್ ಹಿಡಿಯುವುದು ಜಾಣತನ. ಕಾರ್ಡಿನ ಮೇಲೆ ಅಚ್ಚಾಗುವ ತಾರೀಖು ಮುಂದೆ ಕೆಲಸಕ್ಕೆ ಬರುತ್ತದೆ. ಎಚ್-1ಬಿ ಉದ್ಯೋಗ ವೀಸಾದವರಿಗೆ, ಅವರ ಸಂಗಾತಿ ಮಕ್ಕಳ ವೀಸಾವಾದ ಎಚ್-4ನವರಿಗೆ ಲೈಸೆನ್ಸಿನ ಅವಧಿ ವೀಸಾ ಅವಧಿಗೆ ತಕ್ಕಂತೆ ಚಿಕ್ಕದಾಗಿರುತ್ತದೆ. ಅದು ದೋಷವಲ್ಲ, ಆದರೆ ನವೀಕರಣ ಮರೆಯಬಾರದು. ಕಾರಿನ ನೋಂದಣಿಯಲ್ಲಿ ಪ್ಲೇಟಿನ ಜೊತೆಗೇ ಕೌಂಟಿಯ ಆಸ್ತಿ ತೆರಿಗೆಯೂ ಬರುತ್ತದೆ. ಆ ರಸೀದಿ ಎಸೆಯಬೇಡಿ. ಬಾಡಿಗೆ ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಡ್ಯೂಕ್ ಎನರ್ಜಿಯ ಕರೆಂಟ್ ಬಿಲ್ಲು ಒಬ್ಬರ ಹೆಸರಿನಲ್ಲಿದ್ದರೆ ನೀರಿನದೋ ಇಂಟರ್ನೆಟ್ಟಿನದೋ ಇನ್ನೊಬ್ಬರ ಹೆಸರಿನಲ್ಲಿ ಮಾಡಿಸಿ.

ತೆರಿಗೆಯ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜನ ಬೀಳುವುದು ಇಲ್ಲೇ. ವರ್ಷದ ನಡುವೆ ಬಂದವರು ನಾರ್ತ್ ಕ್ಯಾರೊಲೈನಾದ ಆದಾಯ ತೆರಿಗೆಯ ಡಿ-400 ರಿಟರ್ನಿನ ಜೊತೆಗೆ ಷೆಡ್ಯೂಲ್ ಪಿಎನ್ ಹಾಕಬೇಕು. ಅದರಲ್ಲಿ ನೀವು ಇಲ್ಲಿನವರಾದ ತಾರೀಖು ಬರೆಯುವ ಜಾಗವಿದೆ. ಆರ್‌ಡಿಎಸ್‌ಗೆ ಜೂನ್ 15 ಎಂದು ಹೇಳಿ ಷೆಡ್ಯೂಲ್‌ನಲ್ಲಿ ಸೆಪ್ಟೆಂಬರ್ 1 ಎಂದಿದ್ದರೆ ನಿಮ್ಮ ವಿರುದ್ಧ ನೀವೇ ಬರೆದುಕೊಟ್ಟ ಹಾಗೆ. ರಿಟರ್ನ್ ತುಂಬಿಕೊಡುವವರು ಅಂದಾಜಿನಲ್ಲಿ ತಿಂಗಳ ಮೊದಲ ತಾರೀಖು ಹಾಕಿಬಿಡುವ ಅಭ್ಯಾಸ ಉಂಟು, ರುಜು ಹಾಕುವ ಮುಂಚೆ ನೋಡಿ. ಆಮೇಲೆ ಡಬ್ಲ್ಯೂ-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆ ಪತ್ರ. ಅದರ 15ನೇ ಚೌಕದಲ್ಲಿ ರಾಜ್ಯದ ಹೆಸರಿನ ಎರಡಕ್ಷರ, 16ರಲ್ಲಿ ಆ ರಾಜ್ಯದ ಸಂಬಳ, 17ರಲ್ಲಿ ಹಿಡಿದ ತೆರಿಗೆ ಇರುತ್ತವೆ. ಮನೆಯಿಂದಲೇ ಕೆಲಸ ಮಾಡುವವರು ಊರು ಬದಲಿಸಿದ್ದನ್ನು ಎಚ್‌ಆರ್‌ಗೆ ತಿಳಿಸುವುದು ತಡವಾದರೆ ಅಲ್ಲಿ ಹಳೆಯ ರಾಜ್ಯವೇ ಮುಂದುವರಿದಿರುತ್ತದೆ. ಬಂದ ವಾರವೇ ಸಂಬಳದಲ್ಲಿ ರಾಜ್ಯದ ತೆರಿಗೆ ಹಿಡಿಯಲು ಬೇಕಾದ ಎನ್‌ಸಿ-4 ಫಾರ್ಮನ್ನು ಕಂಪನಿಗೆ ತುಂಬಿಕೊಟ್ಟು, ಮುಂದಿನ ಸಂಬಳದ ಚೀಟಿಯಲ್ಲಿ ರಾಜ್ಯ ಬದಲಾಗಿದೆಯೇ ಎಂದು ಕಣ್ಣಾರೆ ನೋಡಿಬಿಡಿ. ಜನವರಿಯಲ್ಲಿ ಡಬ್ಲ್ಯೂ-2 ತಿದ್ದಿಸುವುದಕ್ಕಿಂತ ಆಗಸ್ಟ್‌ನಲ್ಲಿ ಒಂದು ಇಮೇಲ್ ಹಾಕುವುದು ಲೇಸು.

ಕನ್ಸಲ್ಟಿಂಗ್ ಮನೆಗಳ ಪಾಡು ಇನ್ನೊಂದು ಥರ. ಹೆಂಡತಿ ಮಕ್ಕಳು ಕ್ಯಾರಿಯಲ್ಲಿ, ಗಂಡನ ಪ್ರಾಜೆಕ್ಟು ಜೆರ್ಸಿಯಲ್ಲಿ, ವಾರಾಂತ್ಯಕ್ಕೆ ವಿಮಾನ. ನೆಲೆ ಇಲ್ಲಿಯೇ ಎನ್ನುವುದಾದರೆ ತೆರಿಗೆಯೂ ಹಾಗೇ ಹೇಳಬೇಕು. ಜೆರ್ಸಿಗೆ ಅನಿವಾಸಿ ರಿಟರ್ನ್ ಹಾಕಿ, ನಾರ್ತ್ ಕ್ಯಾರೊಲೈನಾಕ್ಕೆ ಪೂರ್ತಿ ವರ್ಷದ ನಿವಾಸಿ ರಿಟರ್ನ್ ಹಾಕಿ, ಜೆರ್ಸಿಗೆ ಕಟ್ಟಿದ ತೆರಿಗೆಗೆ ಡಿ-400ಟಿಸಿ ಫಾರ್ಮಿನಲ್ಲಿ ಕ್ರೆಡಿಟ್ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಗಂಡ ಜೆರ್ಸಿ ಲೈಸೆನ್ಸ್ ಇಟ್ಟುಕೊಂಡು ಅಲ್ಲಿನ ನಿವಾಸಿ ಎಂದು ರಿಟರ್ನ್ ಹಾಕಿದರೆ ಮಗುವಿನ ಅರ್ಜಿಗೆ ತೊಡಕು. ಹಳೆಯ ಊರಿನ ಮನೆ ಮಾರದೆ ಬಾಡಿಗೆಗೆ ಕೊಟ್ಟವರು ಒಂದು ಪರೀಕ್ಷಿಸಿ: ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ರಿಯಾಯಿತಿ ಇನ್ನೂ ನಿಮ್ಮ ಹೆಸರಿನಲ್ಲಿ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ಅಲ್ಲಿ ವಾಸವಾಗಿದ್ದೇನೆ ಎಂದು ನೀವು ಹೇಳುತ್ತಿದ್ದೀರಿ ಎಂದೇ ಅರ್ಥ. ರದ್ದು ಮಾಡಿಸಿ.

ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಬರೆಯುವಂಥದ್ದು. ಮತದಾರರ ನೋಂದಣಿ ಕೂಡ ನೆಲೆಗೆ ಸಾಕ್ಷಿಯಾಗಿ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಅಮೆರಿಕದ ಪೌರರಿಗೆ ಮಾತ್ರ. ಡಿಎಂವಿ ಕೌಂಟರಿನಲ್ಲಿ ಮತದಾರರಾಗಿ ಸೇರಿಸಲೇ ಎಂದು ಕೇಳುತ್ತಾರೆ. ಎಚ್-1ಬಿ, ಎಚ್-4, ಗ್ರೀನ್ ಕಾರ್ಡ್ ಯಾವುದಿದ್ದರೂ ಉತ್ತರ ಬೇಡ ಎಂದೇ. ಗಡಿಬಿಡಿಯಲ್ಲಿ ಹೂಂ ಎಂದರೆ ಶುಲ್ಕದ ಮಾತು ಹಾಗಿರಲಿ, ದೇಶದಲ್ಲಿ ಉಳಿಯುವುದಕ್ಕೇ ಕುತ್ತು. ಪೌರತ್ವ ಪಡೆದ ಅಪ್ಪ ಅಮ್ಮ ಮಾತ್ರ ತಪ್ಪದೆ ನೋಂದಾಯಿಸಿಕೊಳ್ಳಿ.

ವೀಸಾದ ವಿಷಯದಲ್ಲಿ ಈ ರಾಜ್ಯ ನ್ಯಾಯವಾಗಿಯೇ ಇದೆ. ಎಚ್-1ಬಿ, ಎಚ್-4, ಕಂಪನಿಯೊಳಗಿನ ವರ್ಗಾವಣೆಯ ಎಲ್-1, ಅವರ ಕುಟುಂಬದ ಎಲ್-2 ಇದ್ದವರು ಕಾಯಂ ನೆಲೆ ಸ್ಥಾಪಿಸಬಹುದು, ಗ್ರೀನ್ ಕಾರ್ಡ್‌ಗೆ ಕಾಯಬೇಕಿಲ್ಲ. ಎಫ್-1 (ವಿದ್ಯಾರ್ಥಿ), ಜೆ-1 (ವಿನಿಮಯ ಕಾರ್ಯಕ್ರಮ), ಬಿ (ಪ್ರವಾಸ) ವೀಸಾದವರಿಗೆ ಆಗುವುದಿಲ್ಲ. ವಿದ್ಯಾರ್ಥಿ ವೀಸಾ ಕೊಡುವುದೇ ನಿಮ್ಮ ನೆಲೆ ತಾಯ್ನಾಡಿನಲ್ಲಿದೆ, ಓದು ಮುಗಿಸಿ ವಾಪಸ್ ಹೋಗುತ್ತೀರಿ ಎಂಬ ಷರತ್ತಿನ ಮೇಲೆ. ಹಾಗಾಗಿ ಬೆಂಗಳೂರಿನಿಂದ ರಾಲಿಯ ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎಂಎಸ್ ಮಾಡಲು ಬಂದವರು ಎರಡು ವರ್ಷ ಇದ್ದು, ಲೈಸೆನ್ಸ್ ಮಾಡಿಸಿ, ತೆರಿಗೆ ಕಟ್ಟಿದರೂ ಆರ್‌ಡಿಎಸ್‌ನಿಂದ ಸಿಗುವುದು ಹೊರರಾಜ್ಯದ ಷರಾವೇ. ಅಂಥವರು ಅಸಿಸ್ಟೆಂಟ್‌ಷಿಪ್ ಜೊತೆ ಬರುವ ಶುಲ್ಕ ವಿನಾಯಿತಿ ಹುಡುಕುವುದು ಒಳ್ಳೆಯದು. ಓದು ಮುಗಿಸಿ ಕೆಲಸ ಮಾಡಲು ಸಿಗುವ ಒಪಿಟಿ ಕಾಲವೂ ಎಫ್-1 ಲೆಕ್ಕವೇ. ಮದುವೆಯಾಗಿ ಎಚ್-4 ಮೇಲೆ ಬಂದು ಇಲ್ಲಿ ಓದು ಮುಂದುವರಿಸುವವರಿಗೆ ಮಾತ್ರ ಒಂದು ಸವಲತ್ತು ಇದೆ. ತಾವೂ ಇಲ್ಲಿ ನೆಲೆಸಿದ್ದೇವೆ ಎಂದು ತೋರಿಸಿದರೆ, 12 ತಿಂಗಳ ಲೆಕ್ಕಕ್ಕೆ ಸಂಗಾತಿಯ ಅವಧಿಯನ್ನು ಬಳಸಿಕೊಳ್ಳಬಹುದು. ಬಂದ ವರ್ಷವೇ ಕಮ್ಯುನಿಟಿ ಕಾಲೇಜಿನಲ್ಲಿ 76 ಡಾಲರ್ ದರಕ್ಕೆ ಸೇರುವ ಈ ಅವಕಾಶ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ.

ಎಚ್-4 ಮಕ್ಕಳ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಬೇಕಾದ ದಿನ 21ನೇ ಹುಟ್ಟುಹಬ್ಬ. ಅಂದು ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆಯಾಗಿ ವರ್ಷಗಳಾಗಿರಲಿ, ಅದರಿಂದ ಮಗುವಿನ ವೀಸಾ ವರ್ಗ ಬದಲಾಗುವುದಿಲ್ಲ. ಮಗು ಎಫ್-1ಗೆ ಹೋದ ಮೇಲೆ ನೆಲೆಯ ವಾದ ನಿಲ್ಲುವುದು ಕಷ್ಟ. 18ಕ್ಕೆ ಕಾಲೇಜು ಸೇರಿದವರಿಗೆ ಇದು ಮೂರನೇ ವರ್ಷದಲ್ಲೋ ನಾಲ್ಕನೇ ವರ್ಷದಲ್ಲೋ ಎದುರಾಗುತ್ತದೆ. ಕೊನೆಯ ಎರಡು ಮೂರು ಸೆಮಿಸ್ಟರಿಗೆ ಹೊರರಾಜ್ಯದ ಶುಲ್ಕ ಬರಬಹುದೆಂದು ಬಜೆಟ್ ಮಾಡಿಕೊಳ್ಳಿ, ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್ ಗಳಿಸಿ ಓದನ್ನು ಬೇಗ ಮುಗಿಸುವ ದಾರಿಯನ್ನೂ ನೋಡಿ. ರಾಜ್ಯದೊಳಗಿನವರೆಂದು ತೀರ್ಮಾನವಾದ ಮಾತ್ರಕ್ಕೆ ಎಚ್-4 ಮಕ್ಕಳಿಗೆ ಕೇಂದ್ರದ ಹಣಕಾಸು ನೆರವು ಸಿಗುವುದಿಲ್ಲ ಎಂಬುದೂ ನೆನಪಿರಲಿ. ಆ ಲೆಕ್ಕವೇ ಬೇರೆ.

ವೀಸಾದವರನ್ನು ಸುಮ್ಮನೆ ಹೊರಗಿಡಲು ರಾಜ್ಯಗಳಿಗೆ ಬರುವುದಿಲ್ಲ ಎಂಬುದಕ್ಕೆ ಹಿಂದೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. 1982ರ ಟೋಲ್ ವಿರುದ್ಧ ಮೊರೇನೊ ಪ್ರಕರಣದಲ್ಲಿ, ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಜಿ-4 ವೀಸಾ ಮಕ್ಕಳಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಒಳರಾಜ್ಯದ ಶುಲ್ಕ ನಿರಾಕರಿಸಿದ್ದು ನಿಲ್ಲಲಿಲ್ಲ. ಅದಕ್ಕೂ ಮುಂಚೆ, 1973ರಲ್ಲಿ, ಒಮ್ಮೆ ಹೊರಗಿನವನಾದರೆ ಓದು ಮುಗಿಯುವವರೆಗೂ ಹೊರಗಿನವನೇ ಎಂಬ ಕನೆಕ್ಟಿಕಟ್‌ನ ನಿಯಮವೂ ಬಿತ್ತು. ಮೊದಲ ಸೆಮಿಸ್ಟರಿನಲ್ಲಿ ಹೊರಗಿನವರಾಗಿದ್ದವರು ಆಮೇಲೆ ಮರುಪರಿಶೀಲನೆ ಕೇಳಬಹುದಾಗಿರುವುದರ ಬೇರು ಅಲ್ಲಿದೆ.

ಮರುಪರಿಶೀಲನೆ ಯಾರಿಗೆ ಉಪಯೋಗ? ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಮುಂದಿನ ಆಗಸ್ಟ್ ಹೊತ್ತಿಗೆ 12 ತಿಂಗಳು ತುಂಬಿರುವುದಿಲ್ಲ. ಆಗಸ್ಟ್‌ನ ಸೆಮಿಸ್ಟರಿಗೆ ಹೊರರಾಜ್ಯದ ಶುಲ್ಕ ಖಚಿತ, ಜನವರಿಯದಕ್ಕೆ ಮರುಪರಿಶೀಲನೆ ಹಾಕಬಹುದು. ಆ ಒಂದು ಸೆಮಿಸ್ಟರನ್ನು ಅಗ್ಗವಾಗಿ ದಾಟಲು ಎರಡು ದಾರಿ. ಒಂದು, ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ 15 ಕ್ರೆಡಿಟ್ 4,020 ಡಾಲರಿಗೆ ಮುಗಿಸಿ ವರ್ಗಾವಣೆಯಾಗುವುದು. ಎರಡು, ಎನ್‌ಸಿ ಪ್ರಾಮಿಸ್ ಎಂಬ ಕಡಿಮೆ ಶುಲ್ಕದ ಯೋಜನೆಯ ವಿಶ್ವವಿದ್ಯಾಲಯ: ವೆಸ್ಟರ್ನ್ ಕ್ಯಾರೊಲೈನಾ, ಯುಎನ್‌ಸಿ ಪೆಂಬ್ರೋಕ್, ಎಲಿಜಬೆತ್ ಸಿಟಿ ಸ್ಟೇಟ್, ಫಯೆಟ್‌ವಿಲ್ ಸ್ಟೇಟ್. ಅಲ್ಲಿ ಸೆಮಿಸ್ಟರಿಗೆ ಒಳಗಿನವರಿಗೆ 500 ಡಾಲರ್, ಹೊರಗಿನವರಿಗೂ 2,500 ಮಾತ್ರ. ಹೆಸರುವಾಸಿ ಕ್ಯಾಂಪಸ್ಸೇ ಬೇಕೆಂದು ಹಟ ಹಿಡಿಯದಿದ್ದರೆ, ರೆಸಿಡೆನ್ಸಿಗಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಅಲ್ಲಿ ಅರ್ಧಕ್ಕರ್ಧ ಕಡಿಮೆ.

ಆಗದ ಕೆಲಸ ಒಂದಿದೆ. ಅಪ್ಪ ಅಮ್ಮ ವರ್ಜೀನಿಯಾದಲ್ಲೇ ಇದ್ದು, ಮಗುವನ್ನು ಮಾತ್ರ ರಾಲಿಯ ಬಾಡಿಗೆ ಕೋಣೆಯಲ್ಲಿಟ್ಟು, ಅವನ ಹೆಸರಿನಲ್ಲಿ ಲೈಸೆನ್ಸ್, ಬ್ಯಾಂಕ್ ಖಾತೆ ಮಾಡಿಸಿ ವರ್ಷ ಕಳೆದರೆ ಆಯಿತು ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಅಪ್ಪ ಅಮ್ಮ ಹೊರಗಿದ್ದಾರೆ ಎಂಬುದೇ ಮಗುವಿನ ನೆಲೆಯೂ ಹೊರಗಿದೆ ಎಂಬುದಕ್ಕೆ ಮೊದಲ ನೋಟದ ಸಾಕ್ಷಿ. ತನ್ನ ಖರ್ಚು ತಾನೇ ನೋಡಿಕೊಳ್ಳುತ್ತೇನೆ ಎಂದು ಮಗು ತೋರಿಸಬೇಕಾಗುತ್ತದೆ, ಅಪ್ಪನ ಖಾತೆಯಿಂದ ತಿಂಗಳು ತಿಂಗಳು ಬಾಡಿಗೆ ಬರುತ್ತಿರುವಾಗ ಅದು ಹೇಗೆ ಸಾಧ್ಯ? ಎಚ್-4 ಮಗುವಿಗೆ ಕೆಲಸ ಮಾಡಲೂ ಅನುಮತಿ ಇಲ್ಲ. ಉಲ್ಟಾ ಪ್ರಸಂಗದಲ್ಲಿ ಮಾತ್ರ ಕಾನೂನು ಉದಾರ: ಮಗು ಒಳಗಿನವನಾಗಿ ಓದುತ್ತಿರುವಾಗ ಮನೆಯವರು ರಾಜ್ಯ ಬಿಟ್ಟರೆ, ನೆಲೆ ಹೋದ ದಿನದಿಂದ 12 ತಿಂಗಳ ರಿಯಾಯಿತಿ ಅವಧಿ ಸಿಗುತ್ತದೆ. ಅದು ಸೆಮಿಸ್ಟರಿನ ನಡುವೆ ಮುಗಿದರೆ ಆ ಸೆಮಿಸ್ಟರ್ ಪೂರ್ತಿಗೆ ಹಳೆಯ ಶುಲ್ಕವೇ.

ಕಡಿಮೆಯಾದ ಒಂದು ಅಂಕ ಪ್ರಶ್ನೆಗಳ ಸ್ವರೂಪಕ್ಕೆ. ಹೌದು, ಇಲ್ಲ, ತಾರೀಖು ಎಂಬ ಮೂರರಲ್ಲಿ ಎಲ್ಲರ ಬದುಕೂ ಕೂರುವುದಿಲ್ಲ. ಆರು ತಿಂಗಳು ಊರಿನಲ್ಲಿ ಅಜ್ಜಿಯನ್ನು ನೋಡಿಕೊಳ್ಳಲು ಹೋಗಿದ್ದ ಅಮ್ಮ, ಬೇರೆ ಬೇರೆ ರಾಜ್ಯದಲ್ಲಿರುವ ವಿಚ್ಛೇದಿತ ಅಪ್ಪ ಅಮ್ಮ, ಇಂಥವರಿಗೆ ವಿವರ ಹೇಳಿಕೊಳ್ಳುವ ಜಾಗ ಸಿಗುವುದು ದಾಖಲೆ ಹಾಕುವ ಹಂತದಲ್ಲೋ ಮೇಲ್ಮನವಿಯಲ್ಲೋ. ಉತ್ತರದಲ್ಲೇ ತಪ್ಪು ಮಾಡಿದ್ದರೆ ಮೇಲ್ಮನವಿಗಿಂತ ಮರುಪರಿಶೀಲನೆ ಸೂಕ್ತ. ಉತ್ತರ ಸರಿಯಿದ್ದೂ ತೀರ್ಮಾನ ತಪ್ಪು ಅನಿಸಿದರೆ ಮೇಲ್ಮನವಿ, ಅದೂ ತೀರ್ಮಾನದ ತಾರೀಖಿನಿಂದ 10 ದಿನದೊಳಗೆ. ದಿನ ಎಣಿಕೆ ನೀವು ಓದಿದ ದಿನದಿಂದಲ್ಲ. ತೀರ್ಮಾನ ಇಮೇಲಿಗೆ ಬರುತ್ತದೆ. ಆದ್ದರಿಂದ ಖಾತೆ ತೆರೆಯುವಾಗ ಮಗುವಿನ ಹೈಸ್ಕೂಲ್ ಇಮೇಲ್ ವಿಳಾಸ ಕೊಡಬೇಡಿ. ಹೈಸ್ಕೂಲ್ ಮುಗಿದ ಮೇಲೆ ಶಾಲೆ ಅದನ್ನು ಮುಚ್ಚಿದರೆ ಜುಲೈನಲ್ಲಿ ಬಂದ ಪತ್ರವನ್ನು ತೆರೆಯುವವರೇ ಇರುವುದಿಲ್ಲ. ಅಪ್ಪ ಅಮ್ಮನೂ ನೋಡಬಹುದಾದ ಒಂದು ಸ್ವಂತ ವಿಳಾಸ ಕೊಟ್ಟು, ಸ್ಪ್ಯಾಮ್ ಫೋಲ್ಡರನ್ನು ಎರಡು ದಿನಕ್ಕೊಮ್ಮೆ ತೆರೆದು ನೋಡಿ.